ಭಾವನ ಬಾಯಿ ಮೆತ್ತಗಾದ ದಿನ

ಜೆರೆ ಉಣ್ಣಲು ಕೂತರೆ ಜಾಂಬಿಯಾ ಸರ್ಕಾರ ಹೊರಗಿನಿಂದ ಮೆಕ್ಕೆಜೋಳ ತರಿಸಬೇಕಾಗುತ್ತಿತ್ತು. ಅವನ ತಟ್ಟೆಯ ಮುದ್ದೆಯ ನೆರಳಿನಲ್ಲಿ ಮೇಕೆಗಳು ಮಲಗುತ್ತಿದ್ದವು. ಇದನ್ನು ನಾನು ನಲವತ್ತು ವರ್ಷದಿಂದ ಮದುವೆ, ಸಾವು ಎನ್ನದೆ ಎಲ್ಲ ಕಡೆ ಹೇಳುತ್ತ ಬಂದಿದ್ದೇನೆ. ಹೇಳುವುದು ನನ್ನ ಹಕ್ಕು. ನಾನು ಬೆಂಬಾ ಬುಡಕಟ್ಟಿನವನು, ಅವನು ಎಂಗೋನಿ. ನಮ್ಮ ಮುತ್ತಜ್ಜಂದಿರು ಈಟಿ ಹಿಡಿದು ಬಡಿದಾಡಿ ಸುಸ್ತಾದ ಮೇಲೆ ಆ ಕೆಲಸವನ್ನು ನಮ್ಮ ನಾಲಿಗೆಗೆ ಒಪ್ಪಿಸಿ ಹೋದರು. ಅಂದಿನಿಂದ ನಾವು ಒಬ್ಬರಿಗೊಬ್ಬರು ಭಾವಂದಿರು. ನಾವು ಅವರನ್ನು ಇಲಿ ತಿನ್ನುವವರು ಎನ್ನಬೇಕು, ಅವರು ನಮ್ಮನ್ನು ಕೋತಿ ತಿನ್ನುವವರು ಎನ್ನಬೇಕು. ಯಾರೂ ಸಿಟ್ಟಾಗುವಂತಿಲ್ಲ. ಭಾವ ಸತ್ತರೆ ಗುಂಡಿಯ ಬದಿಯಲ್ಲಿ ನಿಂತು ಅವನನ್ನು ಅಣಕಿಸಿ, ಅಳುವವರನ್ನು ನಗಿಸುವುದೂ ನಮ್ಮದೇ ಕೆಲಸ.

ಲುವಾನ್ಶ್ಯದ ತಾಮ್ರದ ಗಣಿಯಲ್ಲಿ ಜೆರೆ ಮೂವತ್ತೊಂದು ವರ್ಷ ದೀಪ ಕೊಟ್ಟ. ಗಣಿಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಅವನ ಕಿಟಕಿಯಲ್ಲಿ ಕೊಟ್ಟು ತಲೆದೀಪ ಪಡೆಯಬೇಕು. ಮೇಲೆ ಬಂದ ಮೇಲೆ ದೀಪ ಒಪ್ಪಿಸಿ ಬಿಲ್ಲೆ ಪಡೆಯಬೇಕು. ಗೋಡೆಯ ಮೊಳೆಯಲ್ಲಿ ಬಿಲ್ಲೆ ತೂಗುತ್ತಿದ್ದರೆ ಆ ಮನುಷ್ಯ ಇನ್ನೂ ನೆಲದಡಿಯಲ್ಲಿದ್ದಾನೆ ಎಂದರ್ಥ. ಕೊನೆಯ ಬಿಲ್ಲೆ ಮೊಳೆ ಬಿಡುವವರೆಗೆ ಜೆರೆ ಕುರ್ಚಿ ಬಿಡುತ್ತಿರಲಿಲ್ಲ. ಕುರ್ಚಿ ಬೇರು ಬಿಟ್ಟು ಮಳೆಗಾಲದಲ್ಲಿ ಚಿಗುರುತ್ತದೆ ಎಂದು ನಾನೇ ಸುದ್ದಿ ಹಬ್ಬಿಸಿದ್ದೆ.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಮುದ್ದೆ ಗಂಟಲಲ್ಲಿ ನಿಲ್ಲತೊಡಗಿತು. ಆಮೇಲೆ ಬೇಯಿಸಿದ ಗೆಣಸು ನಿಂತಿತು. ಆಮೇಲೆ ಬ್ರೆಡ್ಡು. ವೈದ್ಯರು ಅವನ ಮಗಳು ತಿಸೌಕೆಯನ್ನು ಹೊರಗೆ ಕರೆದು, ಅನ್ನನಾಳದ ಕ್ಯಾನ್ಸರ್, ಮಳೆಗಾಲ ಕಂಡರೆ ಹೆಚ್ಚು ಎಂದರು. ಅವಳು ಅಪ್ಪನಿಗೆ ಹುಣ್ಣು ಎಂದು ಹೇಳಿದಳು. ನಿಜವನ್ನು ನನಗೆ ಗೇಟಿನ ಬಳಿ ಹೇಳಿದಳು.

"ಮಾಮಾ, ಅಪ್ಪಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವತ್ತೇ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ."

"ನನ್ ಬಾಯಿಂದ ಬರಲ್ಲಮ್ಮ," ಎಂದು ಮಾತು ಕೊಟ್ಟು ಒಳಗೆ ಹೋದೆ.

ಜೆರೆ ಮಾವಿನ ಮರದಡಿ ಕೂತಿದ್ದ. ಅವನ ಅಂಗಿಯೊಳಗೆ ಇನ್ನೂ ಇಬ್ಬರು ಜೆರೆಗಳಿಗೆ ಜಾಗವಿತ್ತು. ಕೈಯಲ್ಲಿ ಒಂದು ಲೋಟ ನೀರು ಗಂಜಿ.

"ಬಾರೋ ಕೋತಿ ತಿನ್ನೋನೆ. ಬಾಲ ಗೇಟಿನ ಹೊರಗೇ ಬಿಟ್ಟು ಬಾ, ಕೋಳಿಗಳು ಹೆದರ್ತಾವೆ."

ಉತ್ತರ ನಾನು ದಾರಿಯಲ್ಲೇ ಹೊಸೆದುಕೊಂಡು ಬಂದಿದ್ದೆ: ನೀನು ಗಂಜಿಗಿಳಿದೆ ಅಂತ ಕೇಳಿ ಊರಿನ ಇಲಿಗಳೆಲ್ಲ ಡೋಲು ಬಾರಿಸ್ತಿವೆ. ಆದರೆ ಲೋಟ ಹಿಡಿದ ಆ ಮಣಿಕಟ್ಟು ಕಣ್ಣಿಗೆ ಬಿತ್ತು. ಬಾಯಿಂದ ಬೇರೆಯೇ ಬಂತು.

"ಸ್ವಲ್ಪ ಕುಡಿ ಭಾವ. ಎಲ್ಲಾ ಸರಿಹೋಗುತ್ತೆ. ದೇವರಿದ್ದಾನೆ."

ಜೆರೆ ಲೋಟ ಕೆಳಗಿಟ್ಟ.

"ಯಾವಾಗಂತೆ?"

"ಏನು ಯಾವಾಗ?"

"ನಮ್ಮವ್ವನ ಹೆಣದ ಮುಂದೆ ಅವಳ ಬೊಚ್ಚು ಬಾಯಿ ಅಣಕಿಸ್ದೋನು ನೀನು. ನನ್ ಹೆಂಡ್ತಿ ಸತ್ತಾಗ ಅವಳದೇ ಬಟ್ಟೆ ಸುತ್ಕೊಂಡು ಕುಣಿದೋನು. ಇವತ್ತು ಬಂದು ದೇವರಿದ್ದಾನೆ ಅಂತೀಯಲ್ಲೋ ಚಿಲೇಕ್ವಾ. ಯಾವಾಗಂತೆ, ಹೇಳು."

ಅಡುಗೆಮನೆಯಲ್ಲಿ ತಿಸೌಕೆಯ ಸೌಟಿನ ಸದ್ದು ನಿಂತಿತು. ನಲವತ್ತು ವರ್ಷ ಸುಳ್ಳು ಹೇಳಿಯೇ ಬದುಕಿದ ನನಗೆ ಆ ಹೊತ್ತಿಗೆ ಒಂದು ಸುಳ್ಳೂ ಸಿಗಲಿಲ್ಲ.

"ಮಳೆಗಾಲದೊಳಗೆ."

ಅವನು ಗೋಡೆ ಕಡೆ ತಿರುಗಲಿಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುವುದನ್ನು ನೋಡುತ್ತ ಕೂತ.

"ಬೆಳಿಗ್ಗೆ ಪಾಳಿಗೆ ಹೋಗೋ ಮುಂಚೆ ತಂಗಳು ಮುದ್ದೇನ ಚಹಾದಲ್ಲಿ ಅದ್ದಿ ತಿಂತಿದ್ದೆ," ಎಂದ. "ಅಂಚು ಗಟ್ಟಿಯಾಗಿರ್ತಿತ್ತಲ್ಲ, ಅದು. ಕೊನೇ ಸಲ ಯಾವತ್ತು ತಿಂದೆ ಅಂತ ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗಲ್ಲ ಭಾವ. ಗೊತ್ತಿದ್ರೆ ನಿಧಾನಕ್ಕೆ ತಿಂತಿದ್ದೆ. ಪಾಳಿಗೆ ತಡವಾಗುತ್ತೆ ಅಂತ ನುಂಗಿಬಿಟ್ಟಿರ್ತೀನಿ."

ಜೆರೆ ಕೆಳಗಿದ್ದ ಲೋಟವನ್ನು ತನ್ನತ್ತ ಎಳೆದುಕೊಂಡ.

"ಗುಂಡಿ ಹತ್ರ ಹೇಳೋದನ್ನೆಲ್ಲ ಈಗ್ಲೇ ಹೇಳು. ಅಲ್ಲಿ ನಂಗೆ ಕೇಳ್ಸಲ್ಲ. ಹೊಗಳಿದ್ಯೋ, ಈ ಲೋಟ ನಿನ್ ತಲೆ ಮೇಲೆ."

ಎದ್ದು ನಿಂತೆ. ಅವನ ಬಾತುಕೋಳಿ ನಡಿಗೆ ನಡೆದೆ. ದೀಪ ಕೊಡುವಾಗ ಒಬ್ಬೊಬ್ಬನ ಮುಖವನ್ನೂ ಕಳ್ಳನ ಮುಖದಂತೆ ದಿಟ್ಟಿಸುತ್ತಿದ್ದುದನ್ನು ಮಾಡಿ ತೋರಿಸಿದೆ. ಪ್ರೀತಿಸಿದ ಹುಡುಗಿಗೆ ಒಣಗಿಸಿದ ಇಲಿಗಳ ಗೊಂಚಲನ್ನು ಹೂವಿನಂತೆ ಕೊಟ್ಟದ್ದನ್ನೂ ಹೇಳಿದೆ. ಜೆರೆ ನಕ್ಕ. ನಗು ಕೆಮ್ಮಾಯಿತು. ಲೋಟ ಎತ್ತಿ ಬಾಯಿಗೆ ಹಿಡಿದ. ಇಳಿಸಿದಾಗ ಗಂಜಿ ಕೆಂಪಾಗಿತ್ತು.

ತಿಸೌಕೆ ಓಡಿ ಬಂದಳು. "ಸಾಕು ಮಾಮಾ! ನಿಮಗೆ ಕರುಳಿಲ್ವಾ?"

"ನೀನು ಸುಮ್ನಿರೇ," ಎಂದ ಜೆರೆ. "ಬಿಲ್ಲೆ ಕಥೆ ಬಾಕಿ ಇದೆ."

ಆ ಕಥೆ ಇದು. ಒಂದು ಶನಿವಾರ ಮೊಳೆಯಲ್ಲಿ ಒಂದೇ ಬಿಲ್ಲೆ ಉಳಿಯಿತು. ಜೆರೆ ಅದರ ಎದುರು ಎರಡು ಪಾಳಿ ಕೂತ. ಮೇಲಧಿಕಾರಿಗಳು ಮನೆಗೆ ಹೋಗೆಂದರೂ ಹೋಗಲಿಲ್ಲ. ಹುಡುಕಲು ಮೂರು ಸಲ ಜನರನ್ನು ಇಳಿಸಿದ. ಕೊನೆಗೆ ಆ ಮನುಷ್ಯ ಬಿಯರ್ ಅಂಗಡಿಯ ಬೆಂಚಿನ ಕೆಳಗೆ ಸಿಕ್ಕ, ತಲೆಯ ಮೇಲೆ ದೀಪ ಉರಿಯುತ್ತಲೇ ಇತ್ತು. ಪಕ್ಕದ ಗೇಟಿನಿಂದ ನುಸುಳಿ ಹೋಗಿದ್ದ ಆ ಮಹಾಶಯ ನಾನೇ.

"ಒಬ್ಬ ಕುಡುಕನಿಗೋಸ್ಕರ," ಎಂದು ಕೂಗಿದೆ, "ಹದಿನಾರು ಗಂಟೆ ಉಚ್ಚೆಗೂ ಏಳದೆ ಕೂತಿದ್ದ, ಈ ಇಲಿ ತಿನ್ನೋ ಪೆದ್ದ!"

"ಹದಿನೇಳು ಕಣೋ," ಎಂದ ಜೆರೆ.

ಅಕ್ಟೋಬರಿನ ಬಿಸಿಲಿನಲ್ಲಿ, ನವೆಂಬರಿನ ಮೊದಲ ಮಳೆಗೆ ಮುಂಚೆ ಅವನು ಹೋದ. ಕೊನೆಯ ಒಂಬತ್ತು ದಿನ ನೀರೂ ಇಳಿಯಲಿಲ್ಲ. ತಿಸೌಕೆ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ನಾನು ದಿನವೂ ಹೋಗಿ ಬೈದು ಬಂದೆ.

ಸ್ಮಶಾನದಲ್ಲಿ ಜನರೆಲ್ಲ ನನ್ನತ್ತ ನೋಡಿದರು. ಇದ್ದದ್ದನ್ನೆಲ್ಲ ಮಾವಿನ ಮರದಡಿಯಲ್ಲೇ ಖರ್ಚು ಮಾಡಿದ್ದೆ, ಹೊಸದೊಂದೂ ಉಳಿದಿರಲಿಲ್ಲ. ಭಾವಂದಿರು ಮಾಡುವ ಹಳೆಯ ಆಟವೇ ಗತಿಯಾಯಿತು. ಪೆಟ್ಟಿಗೆ ಇಳಿಸುವ ಮುಂಚೆ ಗುಂಡಿಗೆ ಇಳಿದು, ಅಂಗಾತ ಮಲಗಿ ಅಳತೆ ನೋಡಿದೆ.

"ಯಾರೋ ಇಷ್ಟುದ್ದ ತೋಡಿದ್ದು? ಇಲಿ ತಿನ್ನೋನಿಗೆ ಒಂದು ಬಿಲ ಸಾಕಿತ್ತು!"

ನಗು ಎದ್ದಿತು. ತಿಸೌಕೆಯೂ ಬಾಯಿಗೆ ಬಟ್ಟೆ ಒತ್ತಿ ನಕ್ಕಳು. ಏಳಲು ನೋಡಿದೆ. ಎಪ್ಪತ್ನಾಲ್ಕು ವರ್ಷದ ಮಂಡಿ ಮಡಚಲಿಲ್ಲ. ಹಿಡಿದುಕೊಳ್ಳಲು ಹೋದ ಕೆಮ್ಮಣ್ಣು ಮುಖದ ಮೇಲೆ ಉದುರಿತು. "ಎತ್ರೋ, ಏಳಕ್ಕಾಗ್ತಿಲ್ಲ," ಎಂದೆ. ಇನ್ನೂ ಜೋರಾಗಿ ನಕ್ಕರು. ಮತ್ತೆ ಕೂಗಿದೆ. ಒಬ್ಬ ಚಪ್ಪಾಳೆ ತಟ್ಟಿದ.

ಮೇಲೆ ಇನ್ನೂರು ಜನ ನಿಂತಿದ್ದರು. ನಾನು ಇನ್ನೂ ಕೆಳಗೇ ಇದ್ದೇನೆಂದು ಕಾದು ಕೂರುವವನು ಪೆಟ್ಟಿಗೆಯಲ್ಲಿದ್ದ.