ವೈನಿಯ ಹನ್ನೊಂದು ಸೆಕೆಂಡು

ಬೆಂಕಿಕಡ್ಡಿ ಗೀರುವ ಸದ್ದು ಕೇಳಿದರೆ ನಾನು ಈಗಲೂ ಎದ್ದು ನಿಲ್ಲುತ್ತೇನೆ. ದೇವಸ್ಥಾನಗಳಲ್ಲಿ ಇದರಿಂದ ಒಂದು ಅನುಕೂಲವಿದೆ. ಜನ ನನ್ನನ್ನು ಭಕ್ತನೆಂದು ತಿಳಿಯುತ್ತಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅಪ್ಪ ಬ್ಯಾಂಕಿನವರು, ಧಾರವಾಡದಿಂದ ವರ್ಗವಾಗಿ ಬಂದು, ಮರಳಿ ಹೋಗುವ ಅರ್ಜಿಯನ್ನು ಪ್ರತಿ ವರ್ಷ ಬರೆದು, ಪ್ರತಿ ವರ್ಷ ಅಲ್ಲೇ ಉಳಿದವರು. ಅಣ್ಣ ಅಲ್ಲೇ ಕೆಲಸ ಹಿಡಿದು ವಿಜಯವಾಡದ ಹುಡುಗಿಯನ್ನು ಮದುವೆಯಾಗಿದ್ದ. ನಾನು ಮನಃಶಾಸ್ತ್ರದ ಎಂ.ಎ. ಮೊದಲ ವರ್ಷದಲ್ಲಿದ್ದೆ. ಮೊದಲ ವರ್ಷದ ವಿದ್ಯಾರ್ಥಿಯಷ್ಟು ಮನುಷ್ಯರ ಮನಸ್ಸನ್ನು ಬಲ್ಲವರು ಎಲ್ಲೂ ಸಿಗುವುದಿಲ್ಲ.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ವೈನಿಯ ಮಾತು ತೆಲುಗು. ಆದರೆ ಮನೆಯೊಳಗೆ ಕನ್ನಡವೇ ಆಗಬೇಕು ಎಂಬುದು ಅವ್ವನ ಕಟ್ಟಪ್ಪಣೆ, ಮುಂದೆ ಹುಟ್ಟಲಿರುವ ಮೊಮ್ಮಕ್ಕಳ ಹಿತದೃಷ್ಟಿಯಿಂದ. ವೈನಿ ಅವಸರದಲ್ಲಿ ತೆಲುಗಿನಲ್ಲಿ ಏನಾದರೂ ಹೇಳಿದರೆ ಅವ್ವ ಕಿವಿ ಕೇಳದವಳಂತೆ ಕೂತಿರುತ್ತಿದ್ದಳು. ಹಾಗಾಗಿ ವೈನಿ ಒಂದು ಪದ ಹೇಳಿ, ಮುಂದಿನದನ್ನು ಹುಡುಕಲು ನಿಲ್ಲುತ್ತಿದ್ದರು. ಆ ಜಾಗವನ್ನು ನಾವು ಯಾರೂ ಖಾಲಿ ಬಿಡುತ್ತಿರಲಿಲ್ಲ.

“ಅತ್ತೀ, ಬೆಲ್ಲ...”

“ತೀರೇತೇನು?” ಅವ್ವ.

“ಇರಿವಿ ಹತ್ಯಾವೇನು?” ಅಣ್ಣ.

“ಬೆಲ್ಲದ ಚಾ ಮಾಡ್ತೀಯೇನವಾ?” ಪೇಪರಿನ ಹಿಂದಿನಿಂದ ಅಪ್ಪ.

ಮೂರರಲ್ಲಿ ಯಾವುದು ಹತ್ತಿರವೋ ಅದಕ್ಕೆ ವೈನಿ ತಲೆ ಆಡಿಸುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಯಾವಾಗಲೂ ಬೆಲ್ಲ ಹೆಚ್ಚಾಗಿರುತ್ತಿತ್ತು. “ಹುಡುಗಿ ಬಂಗಾರದಂಥಾಕಿ, ಖರೆ. ತಲಿ ಸ್ವಲ್ಪ ಮಂದ,” ಎಂದು ಅವ್ವ ಪಕ್ಕದ ಮನೆಯವರಿಗೆ ಹೇಳಿದ್ದಳು.

ನಾನು ಆಗ ಮನೆಯವರ ಸ್ವಭಾವ ಮತ್ತು ಬುದ್ಧಿಮಟ್ಟದ ತಖ್ತೆಯೊಂದನ್ನು ಗ್ರಾಫ್ ಹಾಳೆಯಲ್ಲಿ ತಯಾರಿಸುತ್ತಿದ್ದೆ. ಗ್ರಂಥಾಲಯದ ಪುಸ್ತಕದಿಂದ ನಾಲ್ಕು ಬಗೆಗಳನ್ನು ತೆಗೆದುಕೊಂಡು, ಸಾಲದೆ ಐದನೆಯದನ್ನು ನಾನೇ ಸೇರಿಸಿದ್ದೆ. ಲೆಕ್ಕವೊಂದನ್ನು ಕೇಳಿ, ಉತ್ತರ ಬರುವವರೆಗಿನ ಸಮಯವನ್ನು ಗೆಳೆಯನ ಸ್ಟಾಪ್‌ವಾಚಿನಲ್ಲಿ ಅಳೆಯುವುದು ನನ್ನ ವಿಧಾನ. ಅಣ್ಣ ಎರಡು ಸೆಕೆಂಡಿನಲ್ಲಿ ಉತ್ತರಿಸಿದ, ತಪ್ಪಾಗಿತ್ತು. ಅವನ ಮುಂದೆ ‘ಚುರುಕು’ ಎಂದು ಬರೆದೆ. ವೈನಿ ಹನ್ನೊಂದು ಸೆಕೆಂಡು ತೆಗೆದುಕೊಂಡರು, ಸರಿಯಾಗಿತ್ತು. ‘ಮಂದ’ ಎಂದು ಬರೆದು, ಪಕ್ಕದಲ್ಲಿ ‘ಅದೃಷ್ಟ’ ಎಂದು ಸೇರಿಸಿದೆ.

ಒಂದು ಶನಿವಾರ ಮಧ್ಯಾಹ್ನ ಹೊಸ ಗ್ಯಾಸ್ ಸಿಲಿಂಡರ್ ಬಂತು. ಅದನ್ನು ಜೋಡಿಸುವುದು ನಮ್ಮಲ್ಲಿ ಗಂಡಸರ ಕೆಲಸ; ಒಮ್ಮೆ ವೈನಿ ಮುಟ್ಟಿದ್ದಕ್ಕೆ ಅಣ್ಣ ಮನೆ ಹಾರಿಹೋಗುವಂತೆ ಕೂಗಿದ್ದ. ಅಂದು ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಒಂದು ಕೈಯಲ್ಲಿ ತಖ್ತೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ರೆಗ್ಯುಲೇಟರನ್ನು ಒತ್ತಿ ಕೂರಿಸಿದೆ. ವೈನಿ ಬಾಗಿಲಲ್ಲಿ ನಿಂತಿದ್ದರು.

“ಅದು... ಟಕ್ ಅಂತ...”

“ಹೂಂ, ಟಕ್ ಅಂತ ಕೂತತು,” ಎಂದೆ.

ಊಟವಾದ ಮೇಲೆ ಅಡಿಗೆಮನೆಗೆ ಅಂಟಿಕೊಂಡ ಪಡಸಾಲೆಯ ಮೇಜಿನ ಮೇಲೆ ಹಾಳೆ ಹರಡಿದೆ. ಅಡಿಗೆಮನೆಯ ಕಿಟಕಿ ತೆರೆದಿತ್ತು; ಕಡಲ ಗಾಳಿಗೆ ಹಾಳೆ ಹಾರಿತು. ಎದ್ದು ಮುಚ್ಚಿದೆ. ಅರ್ಧ ಗಂಟೆಯಲ್ಲಿ ಕಿಟಕಿ ಮತ್ತೆ ತೆರೆದಿತ್ತು. ಮತ್ತೆ ಮುಚ್ಚಿದೆ. ಮೂರನೆಯ ಸಲ ಮುಚ್ಚಿ ಬಂದು, ವೈನಿಯ ಸಾಲಿನಲ್ಲಿ ‘ಕಿಟಕಿ ಮುಚ್ಚಲು ಮರೆಯುತ್ತಾಳೆ; ನೆನಪಿನ ಶಕ್ತಿ ಕಡಿಮೆ’ ಎಂದು ಬರೆದೆ. ಏನೋ ವಾಸನೆ ನನಗೂ ಬಂದಿತ್ತು. ಆದರೆ ಆ ಊರಿನ ಗಾಳಿಗೆ ಒಂದು ದಿನ ಮೀನು, ಒಂದು ದಿನ ಬಂದರಿನ ಎಣ್ಣೆ. ವಾಸನೆಯಿಲ್ಲದ ದಿನವೇ ನಾವು ತಲೆ ಎತ್ತಿ ನೋಡುತ್ತಿದ್ದೆವು. ಅವ್ವನಿಗೆ ವಾರದಿಂದ ನೆಗಡಿ.

ಸಂಜೆ ಕರೆಂಟು ಹೋಯಿತು. ಅವ್ವ ದೀಪ ಹಚ್ಚುವ ಹೊತ್ತು. ದೇವರ ಗೂಡು ಅಡಿಗೆಮನೆಯಲ್ಲೇ, ಸಿಲಿಂಡರಿನಿಂದ ಎರಡು ಮಾರು ದೂರದಲ್ಲಿತ್ತು. ವೈನಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕಡ್ಡಿಪೆಟ್ಟಿಗೆ ಅಲ್ಲಾಡಿದ ಸದ್ದು ಅಲ್ಲಿಗೂ ಕೇಳಿಸಿರಬೇಕು.

“ಅತ್ತೀ, ಬೆಂಕಿ...”

“ಸಿಕ್ಕತವಾ, ಇಲ್ಲೇ ಅದ ಕಡ್ಡಿಪೆಟ್ಟಿಗಿ.”

“ಅಲ್ಲ, ದೀಪ...”

“ಎಣ್ಣಿ ಆಗಲೇ ಹಾಕ್ಯಾರಂತ,” ಎಂದು ನಾನು ತಲೆ ಎತ್ತದೆ ಪೂರೈಸಿದೆ.

ಅವ್ವ ಕಡ್ಡಿ ಗೀರಿದಳು.

ಕಡಲ ತೇವಕ್ಕೆ ಆ ಊರಿನ ಕಡ್ಡಿಗಳು ಮೆತ್ತಗಾಗುತ್ತವೆ. ಮೊದಲನೆಯದರ ಮದ್ದು ಉದುರಿ ಬಿತ್ತು. ನನಗೆ ಈಗಲೂ ಕೇಳಿಸುವುದು ಹೊತ್ತಿದ ಕಡ್ಡಿಯ ಸದ್ದಲ್ಲ, ಹೊತ್ತದ ಆ ಕಡ್ಡಿಯ ಸದ್ದು. ಅವ್ವ ಎರಡನೆಯದನ್ನು ತೆಗೆದಳು. ಅಷ್ಟರಲ್ಲಿ ವೈನಿ ನನ್ನ ಮೇಜನ್ನು ದೂಡಿಕೊಂಡು ಒಳಗೆ ಓಡಿ, ಕೊಡದಲ್ಲಿದ್ದ ನೀರನ್ನು ಅವ್ವನ ಕೈ, ಕಡ್ಡಿಪೆಟ್ಟಿಗೆ, ದೀಪ, ದೇವರು, ಎಲ್ಲದರ ಮೇಲೆ ಸುರಿದುಬಿಟ್ಟರು.

“ವದ್ದು! ವದ್ದತ್ತಯ್ಯಾ! ಗ್ಯಾಸು!” ಬೇಡ ಎಂಬುದಕ್ಕೆ ಕನ್ನಡ ಹುಡುಕುವ ಹೊತ್ತು ಅದಾಗಿರಲಿಲ್ಲ.

“ತಲಿ ನೆಟ್ಟಗ ಅದ ಏನ ನಿನಗ? ದೇವರ ಮ್ಯಾಲ ನೀರು ಸುರೀತಾರೇನು!” ಎಂದಳು ಅವ್ವ, ಮೂಗಿನಿಂದ ನೀರು ತೊಟ್ಟಿಕ್ಕುತ್ತಿರುವಾಗ.

ವೈನಿ ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಮೆಟ್ಟಿಲಿಗೆ ತಳ್ಳಿದರು. ಒಬ್ಬರೇ ಒಳಗೆ ಹೋಗಿ ರೆಗ್ಯುಲೇಟರ್ ಕಿತ್ತು, ಇದ್ದ ಕಿಟಕಿಗಳನ್ನೆಲ್ಲ ತೆರೆದು ಬಂದು, ನಮಗಿಂತ ಎರಡು ಮೆಟ್ಟಿಲು ಕೆಳಗೆ ಕೂತರು. ನಾನು ನನ್ನನ್ನೇ ನೋಡಿಕೊಂಡೆ. ಮನೆಯಿಂದ ಉಳಿಸಿಕೊಂಡು ಬಂದ ಒಂದೇ ವಸ್ತು ನನ್ನ ಕೈಯಲ್ಲಿತ್ತು: ತಖ್ತೆ.

ಬಂದವರಿಗೆಲ್ಲ ಅವ್ವ ಹೇಳಿದ್ದು ಇಷ್ಟು: “ದೇವರೇ ಆಕಿ ಕೈಲೆ ನೀರು ಹಾಕಿಸಿದ ನೋಡ್ರಿ. ಇಲ್ಲಾಂದ್ರ ಆಕಿಗೇನು ತಿಳೀತದ?” ವೈನಿ ಬಂದವರಿಗೆ ಕಾಫಿ ಕೊಟ್ಟರು. ಅವರ ಬುದ್ಧಿವಂತಿಕೆಯ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ತಿಂಗಳು ವೈನಿಯನ್ನು ತವರಿಗೆ ಬಿಡಲು ನಾನೇ ವಿಜಯವಾಡಕ್ಕೆ ಹೋದೆ. ಆ ಸಂಜೆ ಅವರ ಮನೆಯ ಜಗುಲಿಯಲ್ಲಿ ವೈನಿ ಇಡೀ ಕಥೆಯನ್ನು ತೆಲುಗಿನಲ್ಲಿ ಹೇಳಿದರು. ಇಷ್ಟು ವೇಗವಾಗಿ ಮಾತಾಡುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಕ್ಕಾಲು ಭಾಗ ನನಗೆ ತಿಳಿಯಿತು. ಒಂದು ಕೈಯಲ್ಲಿ ಹಾಳೆ ಹಿಡಿದು ಇನ್ನೊಂದು ಕೈಯಿಂದ ರೆಗ್ಯುಲೇಟರ್ ಒತ್ತುವ ನನ್ನ ಭಂಗಿಯನ್ನು ಮಾಡಿ ತೋರಿಸಿದಾಗ ಅವರ ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ.

ಆಮೇಲೆ ವೈನಿ ಹೇಳಿದರು: ನಾಲ್ಕು ಗಂಟೆಗೆ ಮೇಜಿನ ಬಳಿ ಬಂದು ‘ಗ್ಯಾಸು...’ ಎಂದೆ, ನಮ್ಮ ಮೈದುನ ಏನಂದರು ಗೊತ್ತೇ? ಮುಂದಿನದನ್ನು ಅವರು ನಮ್ಮ ಧಾರವಾಡದ ಕನ್ನಡದಲ್ಲೇ, ನನ್ನದೇ ದನಿಯಲ್ಲಿ, ಎಲ್ಲೂ ತಡೆಯದೆ ಹೇಳಿದರು:

“ಹೊಸಾದು ಹಚ್ಚೇನಿ ವೈನಿ, ಚಿಂತಿ ಬಿಡ್ರಿ. ಹೋಗಿ ಚಾ ಮಾಡ್ರಿ.”

ಎಲ್ಲರೂ ಮತ್ತೆ ನಕ್ಕರು. ನನಗೆ ಅದು ನೆನಪೇ ಇರಲಿಲ್ಲ. ಆ ಮಧ್ಯಾಹ್ನ ಚಹಾ ಬರಲಿಲ್ಲವೆಂಬುದು ಮಾತ್ರ ನೆನಪಿತ್ತು. ಅದನ್ನೂ ತಖ್ತೆಯಲ್ಲಿ ಬರೆದಿದ್ದೆ. ವೈನಿ ಒಂದೇ ಒಂದು ಸಲ ನನ್ನ ಮಾತು ಕೇಳಿ ಒಲೆ ಹಚ್ಚಿದ್ದರೆ, ಅಷ್ಟೇ ಸಾಕಿತ್ತು.

ತಪ್ಪು ನನ್ನದೆಂದು ಹೇಳಬೇಕೆನಿಸಿತು, ಅಲ್ಲಿಯೇ, ಎಲ್ಲರೆದುರು. ತೆಲುಗಿನಲ್ಲಿ ಶುರುಮಾಡಿದೆ. “ನೇನು... ಆ ರೋಜು...” ನಾನು, ಆ ದಿನ ಎಂಬಲ್ಲಿಗೆ ಬಂದು ಮುಂದಿನ ಪದಕ್ಕೆ ನಿಂತೆ.

“ಕಾಫೀ ಕಾವಾಲಾ ಬಾಬೂ?” ಎಂದರು ವೈನಿಯ ತಾಯಿ.

“ನಿದ್ರ ವಸ್ತೋಂದೇಮೋ, ಪಾಪಂ,” ಎಂದರು ಅಜ್ಜಿ, ನನಗೆ ನಿದ್ದೆ ಬಂದಿದೆಯೆಂದುಕೊಂಡು.

ಎರಡರಲ್ಲಿ ಹತ್ತಿರದ್ದಕ್ಕೆ ತಲೆ ಆಡಿಸಿದೆ. ವೈನಿಯ ತಾಯಿ ಕಾಫಿ ಮಾಡಲು ಒಳಗೆ ಹೋದರು. ಪಾತ್ರೆ ಇಟ್ಟ ಸದ್ದು ಕೇಳಿಸಿತು; ಆಮೇಲೆ ಕಡ್ಡಿ ಗೀರಿದ ಸದ್ದು.

ನಾನು ಎದ್ದು ನಿಂತಿದ್ದೆ. ನೋಡಿದರೆ, ಎದುರಿಗೆ ವೈನಿಯೂ ಎದ್ದು ನಿಂತಿದ್ದರು.