ಮಡಿಕೆ ಬದಲಿಸಿದ ರೇಷ್ಮೆ

ರೇಷ್ಮೆ ಸೀರೆಯನ್ನು ಬಹಳ ಕಾಲ ಒಂದೇ ಮಡಿಕೆಯಲ್ಲಿ ಇಡಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಅಮ್ಮನ ಧಾರೆ ಸೀರೆ ಬೀರುವಿನಲ್ಲಿ ಮಡಿಸಿದಂತೆಯೇ ಇದ್ದು, ತೆಗೆದಾಗ ಮಡಿಕೆಯ ಗೆರೆಗಳಲ್ಲೆಲ್ಲ ಸೀಳಿಹೋಗಿದ್ದನ್ನು ಕಂಡಿದ್ದೆ. ಮೈಸೂರಿನಲ್ಲಿದ್ದಾಗಲೂ, ಮದುವೆಯಾಗಿ ಸಿಂಗಪುರಕ್ಕೆ ಬಂದ ಮೇಲೂ ಆಗಾಗ ಸೀರೆಗಳನ್ನು ತೆಗೆದು ಫ್ಯಾನಿನ ಗಾಳಿಗೆ ಹರವಿ ಮಡಿಕೆ ಬದಲಿಸಿ ಇಡುತ್ತ ಬಂದಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಂಥ ಕೆಲಸಕ್ಕೆ ಯಾರನ್ನೂ ಕೇಳಬೇಕೆಂದು ಅನ್ನಿಸುವುದಿಲ್ಲ.

ನನ್ನ ತಂಗಿ ಓದಿದವಳು. ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಹಳೆಯ ಚೀನೀ ರೇಷ್ಮೆ ಪುಸ್ತಕಗಳ ಮೇಲೆ ಕೆಲಸ ಮಾಡುತ್ತಾಳೆ. ಕಾಗದ ಬಳಕೆಗೆ ಬರುವ ಮೊದಲು ಅಲ್ಲಿಯವರು ರೇಷ್ಮೆಯ ಮೇಲೂ ಬರೆಯುತ್ತಿದ್ದರಂತೆ. ಸಮಾಧಿಯೊಳಗೆ ಮಡಿಸಿಟ್ಟ ಅಂಥ ಪುಸ್ತಕಗಳು ಎರಡು ಸಾವಿರ ವರ್ಷದ ನಂತರ ಸಿಕ್ಕಾಗ, ಮಡಿಕೆಗಳಲ್ಲಿ ಹರಿದು ಚೂರುಚೂರಾಗಿದ್ದವು.

"ಅದನ್ನ ಓದಿ ಈಗ ಏನಾಗ್ಬೇಕೇ?" ಎಂದು ಒಮ್ಮೆ ಕೇಳಿದ್ದೆ.

"ಆಮೇಲೆ ಬಂದೋರು ಕಾಪಿ ಮಾಡ್ತಾ ಮಾಡ್ತಾ ಎಷ್ಟೋ ಬದಲಾಯಿಸಿಬಿಟ್ಟಿದಾರೆ ಅಕ್ಕ. ಇದು ಬದಲಾಯಿಸೋಕೆ ಮುಂಚಿಂದು. ಇತಿಹಾಸ ಬರೆಯೋರಿಗೆ ಅದೇ ಬೇಕಾಗಿರೋದು. ಆದ್ರೆ ಯಾವ ಚೂರು ಎಲ್ಲಿತ್ತು ಅಂತ ಗೊತ್ತಾಗ್ಬೇಕಲ್ಲ. ನಾನು ನೋಡ್ತಿರೋದು ವೈದ್ಯದ ಪುಸ್ತಕ. ತಪ್ಪಿದ್ರೆ ಜ್ವರದ ಮದ್ದು ಹೊಟ್ಟೆನೋವಿಗೆ ಹೋಗಿ ಕೂತ್ಕೊಳುತ್ತೆ."

ಅದನ್ನು ತಿಳಿಯಲು ಒಂದು ದಾರಿ, ಮಸಿ. ತೇವದಲ್ಲಿ ಒಂದು ಮಡಿಕೆಯ ಮಸಿ ಎದುರು ಮಡಿಕೆಗೆ ತಿರುಗುಮುರುಗಾಗಿ ಅಂಟಿಕೊಂಡಿರುತ್ತದೆ. ಆ ಗುರುತನ್ನು ನೋಡಿ ತಂಗಿ ಆ ವೈದ್ಯದ ಪುಸ್ತಕದ ಕೆಲವು ಚೂರುಗಳ ಜಾಗ ಬೇರೆಯೇ ಇರಬೇಕು ಎಂದು ಹೇಳಿದ್ದಳು. ಹಿರಿಯ ವಿದ್ವಾಂಸರು ಒಪ್ಪಿರಲಿಲ್ಲ. ಅದಕ್ಕೇ ಮಸಿ ಎಲ್ಲೆಲ್ಲಿ ಅಂಟುತ್ತದೆಂದು ನೋಡಲು ಹೊಸ ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದು, ಮಡಿಸಿ, ತನ್ನ ಮನೆಯ ಏಸಿ ಇಲ್ಲದ ಸಣ್ಣ ರೂಮಿನ ಬೀರುವಿನಲ್ಲಿ ಇಟ್ಟಿದ್ದಳು. ಲ್ಯಾಬಿನಲ್ಲಿ ಗಾಳಿ ತೀರಾ ಒಣಗಿರುತ್ತದಂತೆ.

ಜುರಾಂಗ್ ಈಸ್ಟ್‌ನಲ್ಲಿ ನಮ್ಮ ಬ್ಲಾಕುಗಳು ಅಕ್ಕಪಕ್ಕ. ಅವಳ ಮನೆಯ ಕೀ ನನ್ನ ಹತ್ತಿರವೇ ಇರುತ್ತದೆ. "ಅದು ಹಾಗೇ ಮಡಚಿರ್ಲಿ ಅಕ್ಕ" ಎಂದು ಆ ಬರೆದ ರೇಷ್ಮೆಯ ಬಗ್ಗೆ ಅವಳು ಹೇಳಿದ್ದು ನಿಜ. ಬಿಡಿಸಿ ಹಾಗೇ ಬಿಟ್ಟುಬಿಡಬೇಡ ಎಂದಷ್ಟೇ ನಾನು ಅರ್ಥ ಮಾಡಿಕೊಂಡೆ. ಒಂದು ಮಧ್ಯಾಹ್ನ ಅವಳ ಸೀರೆಗಳನ್ನು ಗಾಳಿಗೆ ಹಾಕುವಾಗ ಆ ಬಟ್ಟೆಯಿಂದ ಮುಗ್ಗಲು ವಾಸನೆ ಬಂತು. ಅದನ್ನೂ ಕುರ್ಚಿಯ ಬೆನ್ನಿಗೆ ಹಾಕಿದೆ. ಸಂಜೆ ಎಲ್ಲದರ ಜೊತೆ ಅದರ ಮಡಿಕೆಯನ್ನೂ ಬದಲಿಸಿ ಒಳಗಿಟ್ಟೆ.

ತಿಂಗಳುಗಳ ನಂತರ ಅವಳು ಅದನ್ನು ಬಿಚ್ಚಿದ ದಿನ ನಾನು ಅವಳ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆ.

"ಗುರುತು ಎಲ್ಲೆಲ್ಲೋ ಬಂದಿದೆ. ನೀನೇನಾದ್ರೂ ಮುಟ್ಟಿದ್ಯಾ?" ಎಂದು ತನ್ನ ಗಂಡನನ್ನು ಕೇಳಿದಳು.

"ನನ್ನ ಶರ್ಟೇ ನಾನು ಮಡಚಲ್ಲ. ನಿನ್ನ ರಿಸರ್ಚ್ ಮಡಚ್ತೀನಾ?"

ಅವಳು ನಕ್ಕಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆಗ ನಾನು ನಲ್ಲಿ ತಿರುಗಿಸಿ, ತೊಳೆದ ಹುರುಳಿಕಾಯಿಯನ್ನೇ ಮತ್ತೆ ತೊಳೆದೆ. ಬೆಪ್ಪಿ ಎನಿಸಿಕೊಳ್ಳುವ ಭಯವೊಂದೇ ಅಲ್ಲ. ಆ ಮನೆಯಲ್ಲಿ ನನಗೆ ಚೆನ್ನಾಗಿ ಗೊತ್ತೆಂದು ಎಲ್ಲರೂ ಒಪ್ಪಿಕೊಂಡಿದ್ದ ವಿಷಯ ಸೀರೆ ಮತ್ತು ಬಟ್ಟೆ. ಅದೂ ಹೋದರೆ ಏನು ಉಳಿಯುತ್ತದೆ ಎನ್ನಿಸಿತು.

ತಾನೇ ಮಡಿಸುವಾಗ ತಪ್ಪಿರಬೇಕು, ಇಲ್ಲವೇ ಮಸಿಯ ಗುರುತನ್ನೇ ನಂಬಲಾಗದು ಎಂದುಕೊಂಡ ತಂಗಿ, ಮೀಟಿಂಗಿನಲ್ಲಿ ತನ್ನ ಮಾತನ್ನು ವಾಪಸ್ ತೆಗೆದುಕೊಂಡಳು. ಚೂರುಗಳು ಹಳೆಯ ಜಾಗದಲ್ಲೇ ಉಳಿದವು. ಆಮೇಲೆ ಮನೆಯಲ್ಲಿ ಅವಳು ಆ ಪುಸ್ತಕದ ಮಾತೇ ಎತ್ತುತ್ತಿರಲಿಲ್ಲ. ನಾನು ಕೇಳಿದರೆ "ಅದೆಲ್ಲ ಬೋರ್ ಬಿಡು" ಎನ್ನುತ್ತಿದ್ದಳು.

ಕೊನೆಗೆ ಒಂದು ಶನಿವಾರ, ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, ಮಡಿಕೆ ಬದಲಿಸಿದ್ದು ನಾನೇ ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ಪೂರ್ತಿ ತಿರುಗಿದಳು.

"ಹಾಗಾದ್ರೆ ನನ್ನ ಮಡಿಕೆ ಸರಿಯಾಗೇ ಇತ್ತು."

"ಇತ್ತು ಕಣೇ."

"ನೀನು ಯಾವ ಕಡೆಗೆ ಮಡಚಿದೆ? ಅದು ಗೊತ್ತಾದ್ರೆ ನಿನ್ನಿಂದ ಬಂದ ಗುರುತು ಬೇರೆ ಮಾಡ್ಬಹುದು. ಮೊದಲಿಂದು ಉಳಿಯುತ್ತೆ." ಚೀಲದಿಂದ ಟವೆಲ್ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. "ಮಡಚಿ ತೋರಿಸು."

ಉದ್ದಕ್ಕೆ ಮಡಿಸಿದೆ. ಅಲ್ಲ ಅನ್ನಿಸಿತು. ಬಿಡಿಸಿ ಅಡ್ಡಕ್ಕೆ ಮಡಿಸಿ, ಅಂಚನ್ನು ಒಳಗೆ ತಿರುಗಿಸಿದೆ. ಅದೂ ಇರಬಹುದು ಎನ್ನಿಸಿತು.

"ಅವತ್ತೇ ಹೇಳಿದ್ರೆ ನೆನಪಿರ್ತಿತ್ತು, ಅಲ್ವಾ?"

"ಇರ್ತಿತ್ತು."

ಬಿಡಿಸಿ ಮತ್ತೆ ಶುರು ಮಾಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಟವೆಲ್ ತೆಗೆದುಕೊಂಡಳು.

"ಸಾಕು ಅಕ್ಕ. ಈಗ ನೀನು ಊಹೆ ಮಾಡ್ತಿದೀಯ."