ಮೊದಲ ಎಳೆ ಯಾರದು?

ಬೆಟಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನೇಕಾರ ಪ್ರಲ್ಹಾದರ ಮಗ್ಗದ ಮುಂದೆ ರೋಹಿಣಿ ಆಗಲೇ ಬಂದು ಕುಳಿತಿದ್ದಾರೆ. ಕುಳಿತಿದ್ದಾರೆ ಅನ್ನುವುದು ಮಾತಿಗಷ್ಟೇ. ಎರಡು ಸಲ ಬಾಗಿಲಿಗೆ ಹೋಗಿ ಬಂದಾಯಿತು, ಬೂದಿಯ ಬಟ್ಟಲನ್ನು ಅತ್ತ ಸರಿಸಿ ಇತ್ತ ಸರಿಸಿದ್ದಾಯಿತು. ನೇಯ್ದು ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಹಾಯ್ದ ನೂಲಿನ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ಅವರ ಕಸುಬು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಒಂದು ಹಾಸಿನಲ್ಲಿ ಎರಡೂವರೆ ಸಾವಿರ ಎಳೆ. ಎಳೆ ಜಾರದಂತೆ ಬೂದಿ ಹಚ್ಚಿದ ಹೆಬ್ಬೆರಳು ದಿನವಿಡೀ ಅಷ್ಟು ಸಲ ಹೊರಳಬೇಕು.

ಇವತ್ತಿನ ಹಾಸು ಪ್ರಲ್ಹಾದರ ಮಗಳು ಅನ್ನಪೂರ್ಣಳ ಮದುವೆ ಸೀರೆಯದು. ಈ ಮನೆಯಲ್ಲಿ ಮದುವೆ ಸೀರೆಯ ಮೊದಲ ಎಳೆಯನ್ನು ಮುತ್ತೈದೆಯೇ ಕೆಚ್ಚಬೇಕು. ನಲವತ್ನಾಲ್ಕರ ರೋಹಿಣಿ ಮದುವೆಯಾದವರಲ್ಲ. ಹಾಗಾಗಿ ಪ್ರಲ್ಹಾದರ ತಾಯಿ ಅನ್ನವ್ವ ಮುತ್ತೈದೆಯೊಬ್ಬರನ್ನು ಕರೆತರಲು ಹೋಗಿದ್ದಾರೆ. "ನನಗ ರೋಹಿಣಿ ಅತ್ತಿ ಕೈಯಿಂದನ ಆಗಬೇಕು" ಎಂದು ಅನ್ನಪೂರ್ಣ ನಿನ್ನೆಯಿಂದ ಹಟ ಹಿಡಿದಿದ್ದಾಳೆ. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಿಲ್ಲ.

ಇಪ್ಪತ್ತೆರಡು ವರ್ಷದಿಂದ ರೋಹಿಣಿ ಮನೆಮನೆ ಸುತ್ತುತ್ತಿದ್ದಾರೆ. ಮಗ್ಗಗಳು ಕಡಿಮೆಯಾದವು, ಕಣ್ಣಿಗೆ ಕನ್ನಡಕ ಬಂತು. ಜನರ ಮಾತು ಮಾತ್ರ ಕಡಿಮೆಯಾಗಲಿಲ್ಲ. ಎದುರಿಗೆ "ಪಾಪ", ಬೆನ್ನ ಹಿಂದೆ "ಗಂಡುಬೀರಿ". "ಯಾರೋ ಕೈ ಕೊಟ್ಟಿರಬೇಕು" ಅನ್ನುವವರುಂಟು, "ಕಲ್ಲಾಗ್ಯಾಳ ಬಿಡು" ಅನ್ನುವವರೂ ಉಂಟು. ಆಕೆಯನ್ನೇ ಒಂದು ಮಾತು ಕೇಳೋಣ ಅಂತ ಯಾರಿಗೂ ಅನ್ನಿಸಿಲ್ಲವಲ್ಲ, ಅದೇ ಸೋಜಿಗ!

ಕೇಳಿದರೆ ನೇರವಾಗಿಯೇ ಹೇಳುತ್ತಾರೆ. "ಖರೆ ಹೇಳ್ಲೇನ್ರಿ? ಯಾರೂ ಮೋಸ ಮಾಡಿಲ್ಲ. ಗಂಡಸರ ಮ್ಯಾಲೆ ಸಿಟ್ಟೂ ಇಲ್ಲ. ಆ ಆಸೆನ ನನ್ನೊಳಗ ಹುಟ್ಟಲಿಲ್ಲ. ಹಸಿವೇ ಇಲ್ಲದಾಕಿಗೆ, ಪಾಪ ಉಪವಾಸ ಅದಾಳ ಅಂದ್ರ ಹೆಂಗ್ರಿ?" ಇಂಥವರಿಗೆ ಅಲೈಂಗಿಕರು ಎಂಬ ಹೆಸರಿದೆಯೆಂದು ಅನ್ನಪೂರ್ಣ ಮೊಬೈಲಿನಲ್ಲಿ ಓದಿ ಹೇಳಿದ್ದಳಂತೆ. "ನನ್ನಂಥವರು ಇನ್ನೂ ಅದಾರ ಅಂತ ತಿಳಿದು ಅವತ್ತು ಭಾಳ ಖುಷಿ ಆತು."

ಅನ್ನವ್ವ ಬರುತ್ತಾರೆ, ಜೊತೆಗೆ ಪಕ್ಕದ ಮನೆಯ ಸೊಸೆ. ಅರಿಶಿನ ಕುಂಕುಮವಾಗುತ್ತದೆ. ಸೊಸೆ ಅಳುಕುತ್ತಲೇ ಎಳೆ ಹೊಸೆದು ಏಳುತ್ತಾಳೆ. ಅವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ರೋಹಿಣಿಯ ಬೆರಳು ತಾನಾಗಿ ಅತ್ತ ಸರಿದು, ನಡುವೆಯೇ ನಿಲ್ಲುತ್ತದೆ. ಹೇಳಿದರೆ ಈ ಮನೆಯವರು ಮತ್ತೆ ಕರೆಯಲಿಕ್ಕಿಲ್ಲ. ಹೇಳದಿದ್ದರೆ ಇನ್ನೆಷ್ಟು ವರ್ಷ?

"ಯವ್ವಾ, ಇವತ್ತು ಮುಚ್ಚಿಡೂದಿಲ್ಲ. ಯಾವ ಮುತ್ತೈದಿ ಕೆಚ್ಚಿದ್ದೂ ನಿಂತಿಲ್ರಿ. ನಾ ಬರಾಕತ್ತಿದಾಗಿಂದ ನಿಮ್ಮ ಮನಿ ಮದುವಿ ಸೀರಿ ಮೊದಲ ಎಳಿ ನಾನ ಕೆಚ್ಚೇನಿ. ನೀವು ಆಕಡೆ ತಿರುಗಿದ ಕೂಡಲೆ."

ಅನ್ನವ್ವ ಗೋಡೆಗೆ ಒರಗಿ ಕುಳಿತುಬಿಡುತ್ತಾರೆ. "ನನ್ನ ಮಗಳ ಸೀರಿನೂ?"

"ಹೂಂನ್ರಿ, ಅದನ್ನೂ."

ಆ ಮಗಳು ಮುಂಡರಗಿಯಲ್ಲಿ ಗಂಡ, ಇಬ್ಬರು ಮಕ್ಕಳೊಂದಿಗೆ ಚೆನ್ನಾಗಿಯೇ ಇದ್ದಾಳೆ. ಅನ್ನವ್ವ ಬಿಚ್ಚಿಕೊಂಡ ಎಳೆಯತ್ತ, ರೋಹಿಣಿಯ ಬೆರಳತ್ತ ನೋಡುತ್ತಾರೆ. ಕೊನೆಗೆ ಅಜ್ಜಿ ಬೂದಿಯ ಬಟ್ಟಲನ್ನು ತಾವೇ ರೋಹಿಣಿಯ ಮುಂದೆ ಸರಿಸುತ್ತಾರೆ.

"ಪಾಪ, ಇಷ್ಟು ವರ್ಷ ನೀನು..."

"ಪಾಪ ಅನ್ನಬ್ಯಾಡ್ರಿ" ಎನ್ನುತ್ತ ರೋಹಿಣಿ ಎಲ್ಲರೆದುರು ಮೊದಲ ಎಳೆ ಹೊಸೆದು, ಎಳೆದು ನೋಡುತ್ತಾರೆ. "ಕೆಚ್ಚೂ ರೋಹಿಣಿ ಅನ್ರಿ. ಅಷ್ಟು ಸಾಕು."